ಸಸಿಹಿತ್ಲಿನ ತನಕ ಹಿಂದೆ ಬಂದವನು

ದೇರೆಬೈಲಿನ ತಾರಾನಾಥ ಶೆಟ್ಟರು ತಮ್ಮ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಮಂಗಳೂರಿನಿಂದ ಕಾರವಾರಕ್ಕೆ ಸೈಕಲ್ಲಿನಲ್ಲಿ ಹೋಗಿದ್ದರು. ಇದು ಗೊತ್ತಿಲ್ಲದವರು ಅವರ ಫ್ಲಾಟಿನಲ್ಲಿ ಯಾರೂ ಇಲ್ಲ. ಹೊಸದಾಗಿ ಬಾಡಿಗೆಗೆ ಬಂದವರಿಗೆ ಹಾಲಿನವನ ನಂಬರು ಸಿಗುವ ಮೊದಲೇ ಕಾರವಾರದ ಕಥೆ ಸಿಗುತ್ತಿತ್ತು. ಲಾಲ್‌ಬಾಗಿನ ಅವರ ಪಂಪ್‌ಸೆಟ್ ಅಂಗಡಿಗೆ ಒಂದು ವಾಷರ್ ಕೇಳಿಕೊಂಡು ಬಂದವರೂ ಕಾರವಾರ ಮುಟ್ಟಿಯೇ ಹಿಂದೆ ಹೋಗಬೇಕಿತ್ತು.

ಅವರಿಗೆ ಮದುವೆಯಾದದ್ದೂ ಈ ಕಥೆಯ ಬಲದಿಂದಲೇ. ಹುಡುಗನನ್ನು ನೋಡಲು ಬಂದ ಶಶಿಪ್ರಭಾರ ಸೋದರಮಾವ ಗದ್ದೆ ಎಷ್ಟು, ಪಾಲು ಎಷ್ಟು ಎಂದು ಒಂದು ಮಾತು ಕೇಳಲಿಲ್ಲ. ಕಥೆಯನ್ನು ಕೊನೆಯ ತನಕ ಕೇಳಿ, "ಶ್ವಾಸಕೋಶ ಗಟ್ಟಿ ಉಂಟು. ಕೊಡುವ," ಎಂದು ಎದ್ದರು.

ಶಶಿಪ್ರಭಾ ಮಾತ್ರ ಆ ಕಥೆಯನ್ನು ಇಪ್ಪತ್ತೆಂಟು ವರ್ಷಗಳಿಂದ ಬೇರೆಯೇ ಕಿವಿಯಲ್ಲಿ ಕೇಳುತ್ತಿದ್ದರು. ಕಥೆಯಲ್ಲಿ ಪಡುಬಿದ್ರಿಯ ತನಕ ಪ್ರತಿ ಬಾವಿ, ಪ್ರತಿ ಹೋಟೆಲು, ಪ್ರತಿ ನಾಯಿ ಬರುತ್ತಿತ್ತು. ಪಡುಬಿದ್ರಿ ಆದ ಕೂಡಲೇ ಕಾರವಾರದ ಬಂದರು ಬರುತ್ತಿತ್ತು. ಮದುವೆಯಾದ ಹೊಸತರಲ್ಲಿ ಒಮ್ಮೆ ಕೇಳಿದ್ದರು.

"ನಡುವೆ ಉಡುಪಿ ಬರಬೇಕಲ್ಲ?"

"ಬಂತು."

"ಕುಂದಾಪುರ?"

"ಅದೂ ಬಂತು."

ಶಶಿಪ್ರಭಾ ಮತ್ತೆ ಕೇಳಲಿಲ್ಲ. ಕೇಳದೆ ಇರುವುದು ಅವರ ಕ್ರಮ. ಸಂಶಯವನ್ನು ಅವರು ಉಪ್ಪಿನಕಾಯಿಯಂತೆ ಇಟ್ಟುಕೊಳ್ಳುತ್ತಿದ್ದರು. ಭರಣಿಯ ಬಾಯಿ ಕಟ್ಟಿ, ಕೈ ಹಾಕದೆ.

ಓದುಗರ ಹತ್ತಿರ ಸತ್ಯ ಮುಚ್ಚಿಟ್ಟು ನಮಗೆ ಆಗಬೇಕಾದದ್ದೇನೂ ಇಲ್ಲ. ತಾರಾನಾಥರು ಕಾರವಾರಕ್ಕೆ ಹೋದದ್ದು ನಿಜ. ಸೈಕಲ್ಲೂ ಹೋದದ್ದು ನಿಜ. ಪಡುಬಿದ್ರಿಯಿಂದ ಮುಂದೆ ಇಬ್ಬರೂ ಒಂದು ಹೆಂಚಿನ ಲಾರಿಯ ಮೇಲೆ ಕುಳಿತು ಹೋದರು. ಲಾರಿ ಇತ್ತೇ ಎಂದು ಯಾರೂ ಕೇಳಲಿಲ್ಲ. ಕೇಳದ್ದನ್ನು ಹೇಳುವ ಅಭ್ಯಾಸ ಶೆಟ್ಟರಿಗೂ ಇರಲಿಲ್ಲ.

ಹೀಗೆ ಎಲ್ಲವೂ ಸುಖವಾಗಿ ಇರುವಾಗ ಮೂರನೆಯ ಮಹಡಿಯ ಹಲ್ಲಿನ ಡಾಕ್ಟರು ಡ್ಯಾಫ್ನಿ ಒಂದು ಸೈಕಲ್ ಗುಂಪು ಕಟ್ಟಿದಳು. ಮಾರ್ಚಿನ ಒಂದು ಆದಿತ್ಯವಾರ ಬೆಳಿಗ್ಗೆ ಮಣ್ಣಗುಡ್ಡದಿಂದ ಹೊರಟು, ಕಡಲ ಬದಿ ಹಿಡಿದು, ಸುರತ್ಕಲ್ ದಾಟಿ ಸಸಿಹಿತ್ಲಿನ ಬೀಚಿನಲ್ಲಿ ಬನ್ಸ್ ತಿನ್ನುವುದು. ಸುಮಾರು ಇಪ್ಪತ್ತೈದು ಕಿಲೋಮೀಟರ್. ಮುಟ್ಟಿದವರಿಗೆ ಪದಕ. ಫ್ಲಾಟಿನ ಮೀಟಿಂಗಿನಲ್ಲಿ ಇದನ್ನು ಹೇಳಿ, "ಕಾರವಾರಕ್ಕೆ ಹೋದ ಶೆಟ್ರು ನಮ್ಮಲ್ಲೇ ಇರುವಾಗ ನಮಗೆ ಎಂತ ಭಯ?" ಎಂದು ಅವರ ಹೆಸರನ್ನು ಮೊದಲನೆಯದಾಗಿ ಬರೆದುಕೊಂಡಳು. ಎಲ್ಲರೂ ಚಪ್ಪಾಳೆ ಹೊಡೆದರು. ಅತ್ಯಂತ ಜೋರಾಗಿ ಹೊಡೆದದ್ದು ಶಶಿಪ್ರಭಾ.

ಶನಿವಾರ ಸಂಜೆ ಚಾ ಕೊಡುವಾಗ ಅವರು ಭರಣಿಯ ಬಾಯಿ ಬಿಚ್ಚಿದರು.

"ಕೇಳಿ. ನಾಳೆ ನೀವು ಸಸಿಹಿತ್ಲಿನ ತನಕ ತುಳಿದರೆ ಕಾರವಾರವನ್ನೂ ನಾನು ನಂಬ್ತೇನೆ. ಬಾಯಿಬಿಟ್ಟು ಎಲ್ಲರ ಎದುರು ಹೇಳ್ತೇನೆ. ಇಲ್ಲದಿದ್ರೆ ಕಾರವಾರದ ಹೆಸರು ಈ ಮನೆಯಲ್ಲಿ ಇನ್ನು ಎತ್ತುವ ಹಾಗಿಲ್ಲ."

"ಎತ್ತಿದ್ರೆ ಎಂತ ಈಗ?"

"ಎತ್ತಿ ನೋಡಿ," ಎಂದು ಶಶಿಪ್ರಭಾ ಒಳಗೆ ಹೋದರು. ಬಾಗಿಲಿನಲ್ಲಿ ತಿರುಗಿ, "ನಾಳೆ ನನ್ನ ಕಣ್ಣು ನಿಮ್ಮ ಬೆನ್ನಿನ ಹಿಂದೆಯೇ ಇರ್ತದೆ," ಎಂದರು.

ಕಾರವಾರವಿಲ್ಲದ ತಾರಾನಾಥರು ಎಂದರೆ ಬರೀ ಪಂಪ್‌ಸೆಟ್ಟು. ಅವರು ಕೂಡಲೇ ವಾಲ್ಟರನಿಗೆ ಫೋನು ಮಾಡಿದರು.

ವಾಲ್ಟರ್ ಕೆಳಗಿನ ಮಹಡಿಯವನು, ಹಳೆಯ ದೋಸ್ತಿ. ಮದುವೆ ಮನೆಗಳಿಗೆ ಕುರ್ಚಿ, ಮೇಜು ಬಾಡಿಗೆಗೆ ಕೊಡುವ ಅವನ ಹತ್ತಿರ ಒಂದು ಹಸಿರು ಟೆಂಪೋ ಉಂಟು. ಉಪಾಯ ಸರಳವಾಗಿತ್ತು. ಹೊಸಬೆಟ್ಟಿನ ಬೀಚ್ ರಸ್ತೆಯಲ್ಲಿ ಬಲೆ ಒಣಗಿಸುವ ಶೆಡ್ಡಿನ ಹತ್ತಿರ ಟೆಂಪೋ ನಿಂತಿರುವುದು. ಶೆಟ್ಟರೂ ಸೈಕಲ್ಲೂ ಹಲಗೆಯ ಮೇಲೆ ಹತ್ತಿ ಕುರ್ಚಿಗಳ ನಡುವೆ ಟಾರ್ಪಾಲಿನ ಅಡಿಯಲ್ಲಿ ಕೂರುವುದು. ಮುಕ್ಕ ದಾಟಿ ಇಳಿಯುವುದು. ಬೆವರು ಬೇಕಲ್ಲ, ಅದಕ್ಕೆ ಒಂದು ಬಾಟಲಿ ನೀರು. ತಲೆಗೆ, ಬೆನ್ನಿಗೆ ಸುರಿದುಕೊಂಡು ಉಳಿದ ಒಂದು ಮೈಲು ತುಳಿಯುವುದು.

"ಗೆರ್ಟ್ರೂಡಿಗೆ ಎಂತ ಹೇಳ್ಲಿ? ಆದಿತ್ಯವಾರ ಪೂಜೆ ತಪ್ತದೆ ಮಾರಾಯ," ಎಂದ ವಾಲ್ಟರ್.

"ಕುರ್ಚಿ ಕೊಂಡುಹೋಗ್ಲಿಕ್ಕುಂಟು ಹೇಳು. ನಿಮ್ಮಲ್ಲಿ ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚುವುದುಂಟಲ್ಲ, ರೋಸ್. ಸಂಜೆ ಒಂದು ರೋಸ್ ಉಂಟು ಹೇಳು."

ವಾಲ್ಟರ್ ಹಾಗೆಯೇ ಹೇಳಿದ. ಅದು ತಪಸ್ಸು ಕಾಲ, ಕ್ರೈಸ್ತರ ಉಪವಾಸದ ದಿನಗಳು. ಈಸ್ಟರ್ ಬರುವ ತನಕ ಊರಿನ ಯಾವ ಇಗರ್ಜಿಯಲ್ಲೂ ಮದುವೆಯಿಲ್ಲ, ಮದುವೆಯಿಲ್ಲದೆ ರೋಸ್ ಇಲ್ಲ. ಐವತ್ತೈದು ವರ್ಷ ಕ್ರೈಸ್ತನಾಗಿ ಬಾಳಿದ ವಾಲ್ಟರನಿಗೆ ಇದು ಹೊಳೆಯಲಿಲ್ಲ. ಗೆರ್ಟ್ರೂಡಿಗೆ ಅವನ ಮಾತು ಮುಗಿಯುವ ಮೊದಲೇ ಹೊಳೆಯಿತು. ಆಕೆ, "ಹೌದಾ? ಹೋಗಿ ಬನ್ನಿ," ಎಂದಳು.

ಆದಿತ್ಯವಾರ ಆರು ಗಂಟೆಗೆ ಮಣ್ಣಗುಡ್ಡದಲ್ಲಿ ಐವತ್ತು ಸೈಕಲ್ಲು ಸೇರಿದ್ದವು. ತಾರಾನಾಥರದ್ದು ತಂಗಿಯ ಮಗ ಗೌರವನ ಗೇರಿನ ಸೈಕಲ್ಲು. ಇಪ್ಪತ್ತೊಂದು ಗೇರು ಉಂಟು ಎಂದಿದ್ದ. ಇಪ್ಪತ್ತೊಂದರಲ್ಲಿ ಯಾವುದು ತನ್ನದು ಎಂದು ತಿಳಿಯದೆ ಶೆಟ್ಟರು ಇದ್ದದ್ದರಲ್ಲೇ ಇದ್ದರು.

ಡ್ಯಾಫ್ನಿ ಒಂದು ಕಲ್ಲಿನ ಮೇಲೆ ಹತ್ತಿ ನಿಯಮ ಹೇಳಿದಳು. "ಎಲ್ಲರಿಗಿಂತ ಕೊನೆಯ ಸವಾರರ ಹಿಂದೆ ನಮ್ಮವರು ಒಬ್ಬರು ಇರ್ತಾರೆ. ನೀವು ನಿಂತ್ರೆ ಅವರೂ ನಿಲ್ತಾರೆ, ನೀವು ಹೊರಟ್ರೆ ಹೊರಡ್ತಾರೆ. ಎಂತ ಆದ್ರೂ ಅವರು ಯಾರನ್ನೂ ದಾಟುವ ಹಾಗಿಲ್ಲ. ಎಲ್ಲಿ ಮುಟ್ಟಿದ್ದು ಅಂತ ಗ್ರೂಪಿಗೆ ಫೋಟೋ ಹಾಕ್ತಾ ಇರ್ತಾರೆ, ಮನೆಯವರಿಗೆ ಒಂದು ಧೈರ್ಯ."

ಈ ಮಾತು ಐವತ್ತು ಮಂದಿಯಲ್ಲಿ ನಲವತ್ತೊಂಬತ್ತು ಮಂದಿಯ ಕಿವಿಗೆ ಬಿತ್ತು. ಐವತ್ತನೆಯವರು ಆಗ ಟ್ರಾನ್ಸ್‌ಫಾರ್ಮರಿನ ಹಿಂದೆ ನಿಂತು, "ಹಲಗೆ ತಂದಿದ್ದೀಯಾ?" ಎಂದು ಫೋನಿನಲ್ಲಿ ಪಿಸುಗುಡುತ್ತಿದ್ದರು.

ಕೊಟ್ಟಾರ ಚೌಕಿಯ ತನಕ ಮುಂದೆ ಸೈಕಲ್ಲುಗಳ ಬಾಲ ಕಾಣುತ್ತಿತ್ತು. ಕೂಳೂರು ಸೇತುವೆ ಹತ್ತುವಾಗ ಅದೂ ಮಾಯವಾಯಿತು. ತಾರಾನಾಥರಿಗೆ ಬೇಸರವಾಗಲಿಲ್ಲ. ಒಬ್ಬನೇ ಆಗುವುದು ಉಪಾಯದ ಒಂದು ಅಂಗ. ಏದುಸಿರು ಬಿಡುತ್ತ ಸೇತುವೆಯ ನಡುವೆ ನಿಂತು, ಯಾರೂ ಇಲ್ಲವಲ್ಲ ಎಂದು ಹಿಂದೆ ನೋಡಿದರು.

ಒಬ್ಬ ಇದ್ದ.

ಇಪ್ಪತ್ತು ಮಾರು ಹಿಂದೆ, ಒಂದು ಕಾಲು ನೆಲಕ್ಕೆ ಊರಿ, ಕಪ್ಪು ಕನ್ನಡಕದವನು, ಮೂವತ್ತೈದರ ಆಸುಪಾಸು. ತಾರಾನಾಥರು ಹೊರಟರು. ಅವನೂ ಹೊರಟ. ಚಪ್ಪಲಿಗೆ ಏನೋ ಆದವರಂತೆ ನಿಂತರು. ಅವನೂ ನಿಂತ.

ಸೇತುವೆ ಇಳಿದ ಕೂಡಲೇ ಒಂದು ಎಳನೀರು ಬೊಂಡದ ಗಾಡಿ ಇತ್ತು. ಶೆಟ್ಟರು ಇಳಿದು ಒಂದು ಬೊಂಡ ಕೆತ್ತಿಸಿದರು. ಅವನು ದೂರದಲ್ಲೇ ನಿಂತು ಜೇಬಿನಿಂದ ಫೋನು ತೆಗೆದು, ಇವರ ಕಡೆ ಎತ್ತಿ, ಏನೋ ಬರೆದ.

"ಹೋಗಿ, ಹೋಗಿ ಮುಂದೆ. ನನ್ನದು ನಿಧಾನ," ಎಂದರು ಶೆಟ್ಟರು.

"ಪರವಾಗಿಲ್ಲ ಅಂಕಲ್. ನೀವು ಕುಡಿಯಿರಿ."

"ಒಳಗೆ ಗಂಜಿ ಇದ್ರೆ ಅದನ್ನೂ ತಿಂತೇನೆ. ತಡ ಉಂಟು."

"ತಿನ್ನಿ ಅಂಕಲ್."

"ಮತ್ತೊಂದು ಬೊಂಡವೂ ಕುಡಿಯಲಿಕ್ಕುಂಟು."

"ಒಳ್ಳೆದು ಅಂಕಲ್. ಆರೋಗ್ಯಕ್ಕೆ ಒಳ್ಳೆದು."

ಇಷ್ಟು ಮರ್ಯಾದೆಯ ಮನುಷ್ಯ ಸುಮ್ಮನೆ ಹುಟ್ಟುವುದಿಲ್ಲ, ಯಾರೋ ಕಳಿಸಿದವನೇ ಎಂದು ತಾರಾನಾಥರಿಗೆ ಅನಿಸಿತು. ಎರಡನೆಯ ಬೊಂಡದ ನಡುವೆ ಅವರ ಫೋನು ಬಡಿದುಕೊಂಡಿತು. ಶಶಿಪ್ರಭಾ.

"ಎಲ್ಲಿದ್ದೀರಿ?"

"ತುಳೀತಾ ಇದ್ದೇನೆ. ಭಾರೀ ಗಾಳಿ."

"ಎರಡನೇ ಬೊಂಡ ಯಾಕೆ? ಶೀತ ಆಗ್ತದೆ," ಎಂದು ಶಶಿಪ್ರಭಾ ಫೋನು ಇಟ್ಟರು.

ಶೆಟ್ಟರು ಬೊಂಡವನ್ನು ಅರ್ಧಕ್ಕೇ ಗಾಡಿಯ ಮೇಲೆ ಇಟ್ಟರು. ಫ್ಲಾಟಿನವರೆಲ್ಲ ಇದ್ದ ಸೈಕಲ್ ಗ್ರೂಪಿನಲ್ಲಿ ಅವರಿಗೆ ಓದದ ನಾನ್ನೂರು ಸಂದೇಶಗಳಿದ್ದವು. ಅದನ್ನು ಬಿಚ್ಚಿದ್ದರೆ 'ಕೊನೆಯ ಸವಾರರು ಕೂಳೂರು ದಾಟಿದರು, ಎರಡನೇ ಬೊಂಡ, ಕ್ಷೇಮ' ಎಂಬ ಬರಹದ ಅಡಿಯಲ್ಲಿ ತಮ್ಮದೇ ಚಿತ್ರ ಕಾಣುತ್ತಿತ್ತು. ಬಿಚ್ಚಲಿಲ್ಲ. ಅವರು ಹಿಂದೆ ನಿಂತವನ ಮುಖವನ್ನು ಹೊಸ ಕಣ್ಣಿನಿಂದ ನೋಡಿದರು. ಆ ಮೂಗು! ಉದ್ದ, ತುದಿಯಲ್ಲಿ ಸ್ವಲ್ಪ ಬಲಕ್ಕೆ. ಅದು ಶಶಿಪ್ರಭಾರ ತವರಿನ ಮೂಗು. ಸೋದರಮಾವನಿಗೆ ಅದೇ ಮೂಗು. ಕಾರ್ಕಳದ ಕಡೆ ಅವರಿಗೆ ಲೆಕ್ಕವಿಲ್ಲದಷ್ಟು ನೆಂಟರು. ಅವರಲ್ಲಿ ಒಬ್ಬನನ್ನು ಕರೆಸಿ, ಸೈಕಲ್ಲು ಹತ್ತಿಸಿ ಬೆನ್ನಿಗೆ ಬಿಟ್ಟಿದ್ದಾಳೆ.

ಪಣಂಬೂರಿನಲ್ಲಿ ಬಂದರಿನ ಲಾರಿಗಳ ಸಾಲು. ಲಾರಿಗಳ ನಡುವೆ ನುಸುಳಿ ತಪ್ಪಿಸಿಕೊಳ್ಳಲು ನೋಡಿದರು. ಹೊಗೆ ಆರಿದಾಗ ಇಪ್ಪತ್ತು ಮಾರು ಹಿಂದೆ ಮೂಗು ಇತ್ತು. ಬೈಕಂಪಾಡಿಯಲ್ಲಿ ವೇಗವಾಗಿ ತುಳಿದರು. ಮೂಗಿಗೆ ಸಂತೋಷವಾಯಿತು. "ಒಳ್ಳೆ ಸ್ಪೀಡ್ ಅಂಕಲ್!" ಎಂದು ಕೂಗಿತು.

ಕುಳಾಯಿಯಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದರೆ ಕಡಲು. ಬೆಳಗಿನ ಬಿಸಿಲಿಗೆ ನೀರು ತಗಡಿನಂತೆ ಮಿನುಗುತ್ತಿತ್ತು, ದೋಣಿಗಳು ದಡಕ್ಕೆ ಬಂದು ಮಲಗಿದ್ದವು. ಈ ಚಂದ ನೋಡಲೆಂದೇ ಐವತ್ತು ಮಂದಿ ಹೊರಟದ್ದು. ತಾರಾನಾಥರು ಮಾತ್ರ ಆ ದಾರಿಯುದ್ದಕ್ಕೂ ಹಿಂದೆ ನೋಡಿದರು. ಹೊಸಬೆಟ್ಟಿಗೆ ಇನ್ನು ಒಂದು ಮೈಲು. ಈ ಆಸಾಮಿ ಬೆನ್ನಿಗಿರುವಾಗ ಟೆಂಪೋ ಹತ್ತುವುದು ಹೇಗೆ?

ಒಂದು ತಿರುವಿನಲ್ಲಿ ತೆರೆದ ಗೇಟು ಕಂಡಿತು. ಶೆಟ್ಟರು ಸೈಕಲ್ಲು ಸಮೇತ ಒಳಗೆ ನುಗ್ಗಿ ಕ್ರೋಟನ್ ಗಿಡಗಳ ಹಿಂದೆ ಕುಕ್ಕುರು ಕುಳಿತರು. ಅಲ್ಲಿ ಮನೆಯ ಯಜಮಾನ, ಇಪ್ಪತ್ತು ವರ್ಷ ಗಲ್ಫಿನಲ್ಲಿದ್ದು ಬಂದ ವಿಲ್ಲಿ, ಪೈಪು ಹಿಡಿದು ಗಿಡಗಳಿಗೆ ನೀರು ಬಿಡುತ್ತಿದ್ದರು. ನೀರು ಶೆಟ್ಟರ ತಲೆಯ ಮೇಲೆ ಬಿತ್ತು.

"ಯಾರದು? ಯಾರು ಬೇಕು?"

"ಯಾರೂ ಬೇಡ."

"ಯಾರೂ ಬೇಡದವರು ನನ್ನ ಗಿಡದ ಅಡಿಯಲ್ಲಿ ಎಂತ ಮಾಡ್ತೀರಿ? ಹಾಂ! ಗೊತ್ತಾಯ್ತು. ಅಳತೆಗೆ ಬಂದದ್ದು. ರಸ್ತೆ ಅಗಲ ಮಾಡ್ಲಿಕ್ಕೆ. ಟೇಪ್ ಎಲ್ಲಿ ಅಡಗಿಸಿದ್ದೀರಿ?"

"ಟೇಪ್ ಇಲ್ಲ ಮಾರಾಯ್ರೇ! ಸೈಕಲ್ಲಿನಲ್ಲಿ ಬಂದದ್ದು."

"ಕಳೆದ ತಿಂಗಳು ಬಂದವರು ಬೈಕಿನಲ್ಲಿ ಬಂದಿದ್ರು. ಈಗ ಸೈಕಲ್ಲಿನಲ್ಲಿ ಕಳಿಸ್ತಾರಾ, ಸಂಶಯ ಬರಬಾರದು ಅಂತ?" ವಿಲ್ಲಿ ಪೈಪನ್ನು ಕೋವಿಯಂತೆ ಹಿಡಿದು ನೆರೆಯವರನ್ನು ಕರೆದರು. ಬೇಲಿಯ ಮೇಲೆ ಮೂರು ತಲೆಗಳು ಬಂದವು. ಒಂದು ತಲೆ, "ಫೋಟೋ ತೆಗೆಯಿರಿ ಇವರದ್ದು," ಎಂದಿತು. ಇನ್ನೊಂದು, "ಕಿಸೆ ನೋಡಿ, ಕಿಸೆ," ಎಂದಿತು.

ಗೇಟಿನಲ್ಲಿ ಮೂಗು ಕಾಣಿಸಿತು.

"ನಮ್ಮವರೇ ಅಂಕಲ್, ಬಿಡಿ. ಸೈಕಲ್ ರೈಡಿಗೆ ಬಂದವರು. ಸ್ವಲ್ಪ ಸುಸ್ತಾಗಿದೆ." ಅವನು ತಾರಾನಾಥರನ್ನು ಎಬ್ಬಿಸಿ, ಅಂಗಿಯ ಎಲೆ ಕೊಡವಿ, ಸೈಕಲ್ಲನ್ನು ಹಿಡಿದು ರಸ್ತೆಗೆ ತಂದು ನಿಲ್ಲಿಸಿದ. "ನಿಮ್ಮನ್ನು ಬಿಟ್ಟು ಹೋಗುವ ಹಾಗೇ ಇಲ್ಲ ಅಂಕಲ್. ನನ್ನ ಡ್ಯೂಟಿ ಅದು."

ಯಾರು ಕೊಟ್ಟ ಡ್ಯೂಟಿ ಎಂದು ಕೇಳಲು ಶೆಟ್ಟರಲ್ಲಿ ಉಸಿರು ಇರಲಿಲ್ಲ. ಕೇಳುವ ಅಗತ್ಯವೂ ಕಾಣಲಿಲ್ಲ.

ಬಲೆ ಒಣಗಿಸುವ ಶೆಡ್ಡಿನ ಹತ್ತಿರ ಹಸಿರು ಟೆಂಪೋ ನಿಂತಿತ್ತು. ಹಲಗೆ ಇಳಿಸಿ ಆಗಿತ್ತು. ವಾಲ್ಟರ್ ಹಲಗೆಯ ಪಕ್ಕದಲ್ಲಿ ಮದುಮಗನನ್ನು ಇದಿರುಗೊಳ್ಳುವವನಂತೆ ನಗುತ್ತ ನಿಂತಿದ್ದ. ತಾರಾನಾಥರು ನಿಲ್ಲದೆ ತುಳಿಯುತ್ತ, ಗಲ್ಲದ ಹತ್ತಿರ ಕೈಯಿಟ್ಟು, 'ಹೋಗು, ಹೋಗು' ಎಂದು ಬೀಸಿದರು. ಬೆನ್ನ ಹಿಂದಿನವನಿಗೆ ಕಾಣಬಾರದೆಂದು ಎಷ್ಟು ಸಣ್ಣದಾಗಿ ಬೀಸಿದರೆಂದರೆ ವಾಲ್ಟರನಿಗೆ ಅದು 'ಹಿಂದೆ ಬಾ' ಎಂದಂತೆ ಕಂಡಿತು. ಅವನು ಹಲಗೆ ಎತ್ತಿಹಾಕಿ ಟೆಂಪೋ ಹೊರಡಿಸಿದ.

ಈಗ ಮೆರವಣಿಗೆ ಪೂರ್ಣವಾಯಿತು. ಮುಂದೆ ತಾರಾನಾಥರು, ಅವರ ಹಿಂದೆ ಮೂಗು, ಮೂಗಿನ ಹಿಂದೆ ನಡೆಯುವವರ ವೇಗದಲ್ಲಿ ನೂರು ಕುರ್ಚಿಗಳ ಟೆಂಪೋ. ಹೊಸಬೆಟ್ಟಿನ ಜನ ಅಂಗಳಕ್ಕೆ ಬಂದು ನೋಡಿದರು. ಒಬ್ಬರು, "ಎಲೆಕ್ಷನ್ ಬಂತಾ?" ಎಂದು ಕೇಳಿದರು.

ಈ ಸಲ ಸಂಶಯ ಬಂದದ್ದು ಮೂಗಿಗೆ. ಅವನು ಎರಡು ಸಲ ತಿರುಗಿ ನೋಡಿದ. ನಿಂತು ಟೆಂಪೋದ ನಂಬರಿನ ಚಿತ್ರ ಹಿಡಿದು ಗ್ರೂಪಿಗೆ ಹಾಕಿದ: 'ಈ ವಾಹನ ನಮ್ಮ ಕೊನೆಯ ಸವಾರರನ್ನು ಹಿಂಬಾಲಿಸುತ್ತಿದೆ. ಉದ್ದೇಶ ತಿಳಿಯದು. ಯಾರಿಗಾದರೂ ಗುರುತು ಉಂಟಾ?'

ಗುರುತು ಇತ್ತು. ಆಮೇಲೆ ತಿಳಿದ ಪ್ರಕಾರ, ದೇರೆಬೈಲಿನಲ್ಲಿ ಗೆರ್ಟ್ರೂಡ್ ಆ ಚಿತ್ರ ನೋಡಿ, ಫೋನು ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಶಶಿಪ್ರಭಾರ ಬಾಗಿಲು ತಟ್ಟಿದಳು. "ಶಶಿಯಕ್ಕ, ರೋಸ್ ಎಲ್ಲಿ ಅಂತ ಈಗ ಗೊತ್ತಾಯ್ತು." ಇಬ್ಬರೂ ಒಂದು ರಿಕ್ಷಾ ಹಿಡಿದರು.

ಗ್ರೂಪಿನ ಚಿತ್ರ ನೋಡಿ ಡ್ಯಾಫ್ನಿ ಫೋನು ಮಾಡಿದ್ದರಿಂದ ಸುರತ್ಕಲ್ ಜಂಕ್ಷನ್ನಿನಲ್ಲಿ ಟ್ರಾಫಿಕ್ ಪೊಲೀಸರು ಟೆಂಪೋವನ್ನು ನಿಲ್ಲಿಸಿದರು. ತಾರಾನಾಥರು ಹಿಂದೆ ನೋಡಿದಾಗ ವಾಲ್ಟರ್ ಎರಡು ಕೈಯನ್ನೂ ಎತ್ತಿ ನಿಂತಿದ್ದ.

"ಎಂತ ಲೋಡು?"

"ಮದುವೆ ಕುರ್ಚಿ ಸರ್."

"ಯಾರ ಮದುವೆ?"

ಗಾಬರಿಯಲ್ಲಿ ವಾಲ್ಟರ್ ಮುಂದೆ ಬೆರಳು ತೋರಿಸಿದ. "ಅಲ್ಲಿ ಸೈಕಲ್ಲಿನಲ್ಲಿ ಹೋಗ್ತಾ ಇದ್ದಾರಲ್ಲ, ಅವರದ್ದು."

ಪೊಲೀಸರು ಐವತ್ತಾರು ವರ್ಷದ, ತಲೆಯಲ್ಲಿ ಎಲೆ ಅಂಟಿದ, ಒದ್ದೆ ಮದುಮಗನನ್ನು ಬಹಳ ಹೊತ್ತು ನೋಡಿದರು.

ತಾರಾನಾಥರ ಕೊನೆಯ ಆಸೆ ಸುರತ್ಕಲ್ಲಿನಲ್ಲೇ ಉಳಿಯಿತು. ಮುಂದಿನದ್ದು ತುಳಿಯುವುದೊಂದೇ. ಮುಕ್ಕದಲ್ಲಿ ತೊಡೆ ಹಿಡಿಯಿತು. ನಿಂತರೆ ಹಿಂದಿನವನು ಫೋನು ತೆಗೆಯುತ್ತಾನೆ, ಆದ್ದರಿಂದ ನಿಲ್ಲಲಿಲ್ಲ. ಬೆವರಿಗೆಂದು ತಂದ ಬಾಟಲಿಯ ನೀರನ್ನು ಕುಡಿದು ಮುಗಿಸಿದರು. ಸಸಿಹಿತ್ಲಿನ ಅಡ್ಡರಸ್ತೆಯಲ್ಲಿ ಎದುರುಗಾಳಿ. ಮರಳು ಹಲ್ಲಿಗೆ ಬಂತು. ಹಿಂದಿನಿಂದ, "ಒಂದು ಗೇರ್ ಇಳಿಸಿ ಅಂಕಲ್, ಎಡಗೈಯಲ್ಲಿ," ಎಂಬ ಮಾತು ಬಂತು. ಗೂಢಚಾರನ ಮಾತು ಕೇಳಬಾರದೆಂದು ಇನ್ನೂರು ಗಜ ಹಠ ಹಿಡಿದು, ಆಮೇಲೆ ಇಳಿಸಿದರು. ಸೈಕಲ್ಲು ಒಮ್ಮೆಲೇ ಹಗುರವಾಯಿತು. ಇಪ್ಪತ್ತು ಕಿಲೋಮೀಟರ್ ಈ ಸುಖ ಕೈಯಡಿಯಲ್ಲೇ ಇತ್ತೆಂದು ತಿಳಿದು ಅವರಿಗೆ ಅಳು ಬಂತು.

ನದಿ ಕಡಲಿಗೆ ಸೇರುವಲ್ಲಿ, ಗಾಳಿಮರಗಳ ನೆರಳಿನಲ್ಲಿ ಚಪ್ಪಾಳೆ ಕೇಳಿಸಿತು. ಡ್ಯಾಫ್ನಿ ಓಡಿಬಂದು ಕೊರಳಿಗೆ ಪದಕ ಹಾಕಿದಳು. ತಾರಾನಾಥ ಶೆಟ್ಟರು ಜೀವಮಾನದಲ್ಲಿ ಮೊದಲ ಬಾರಿಗೆ, ಹೋದೆ ಎಂದು ಹೇಳಿದ ಜಾಗಕ್ಕೆ ಸೈಕಲ್ಲು ತುಳಿದೇ ಹೋಗಿದ್ದರು.

ಪದಕದ ಆಚೆ ಹಸಿರು ಟೆಂಪೋ ಕಾಣಿಸಿತು. ಅದರ ಮುಂದೆ ಎರಡು ಮದುವೆ ಕುರ್ಚಿ ಹಾಕಿಕೊಂಡು ಶಶಿಪ್ರಭಾ ಮತ್ತು ಗೆರ್ಟ್ರೂಡ್ ನ್ಯಾಯಾಧೀಶರಂತೆ ಕುಳಿತಿದ್ದರು. ವಾಲ್ಟರ್ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದ. ಸುರತ್ಕಲ್ಲಿನಲ್ಲಿ ಪೊಲೀಸರು ಬಿಟ್ಟ ಮೇಲೆ, ರಿಕ್ಷಾದಲ್ಲಿ ಬಂದ ಇಬ್ಬರನ್ನೂ ಹತ್ತಿಸಿಕೊಂಡು ಬೇರೆ ದಾರಿಯಲ್ಲಿ ಬಂದ ಅವನು, ಪೊಲೀಸರಿಗೆ ಹೇಳದ್ದನ್ನೆಲ್ಲ ಹೆಂಡತಿಗೆ ಹೇಳಿ ಮುಗಿಸಿದ್ದ.

"ಎಲ್ಲಿಂದ ಹತ್ತಿದ್ದು?" ಎಂದರು ಶಶಿಪ್ರಭಾ.

"ಹತ್ತಲಿಲ್ಲ! ವಾಲ್ಟರನ ಟೆಂಪೋಕ್ಕೆ ನಾನು ಕೈ ಸಹ ಮುಟ್ಟಿಸಲಿಲ್ಲ!"

"ಅದು ಗೊತ್ತಾಯ್ತು. ಹಾಗಾದ್ರೆ ಯಾರ ಟೆಂಪೋ?"

"ಯಾರದ್ದೂ ಅಲ್ಲ. ತುಳಿದೆ. ಈ ಬೆವರು ನೋಡು."

ಶಶಿಪ್ರಭಾ ಸೈಕಲ್ಲಿನಲ್ಲಿದ್ದ ಖಾಲಿ ಬಾಟಲಿಯನ್ನು ನೋಡಿದರು. "ಒಂದು ಹನಿ ಉಳಿಸಲಿಲ್ಲ, ಪೂರ್ತಿ ಸುರಿದುಕೊಂಡಿದ್ದೀರಿ."

ಬನ್ಸ್ ತಿನ್ನುತ್ತಿದ್ದವರು ಹತ್ತಿರ ಬಂದರು. ಬೈಕಿನಲ್ಲಿ ಬಂದಿದ್ದ ಗೌರವ್ ತನ್ನ ಸೈಕಲ್ಲಿನ ಗಾಲಿಯನ್ನು ಮುಟ್ಟಿ, "ಮಾವ, ಬಿಸಿಯೇ ಇಲ್ಲ," ಎಂದ. ಯಾರೋ ನಕ್ಕರು. ತಾರಾನಾಥರು ಸುತ್ತ ನೋಡಿದರು. ಅವರು ತುಳಿದದ್ದನ್ನು ಕಂಡವನು ಭೂಮಿಯ ಮೇಲೆ ಒಬ್ಬನೇ ಇದ್ದ. ಅವನು ಆಗತಾನೆ ಇಳಿದು, ಅವರಿಗೆ ಬೆನ್ನು ಮಾಡಿ ಸೈಕಲ್ಲು ಒರಗಿಸುತ್ತಿದ್ದ. ಇಡೀ ಬೆಳಿಗ್ಗೆ ಅವನ ಮುಖ ಮಾತ್ರ ಕಂಡಿದ್ದ ಶೆಟ್ಟರು ಅವನ ಬೆನ್ನನ್ನು ಮೊದಲ ಸಲ ನೋಡಿದರು. ಅಂಗೈಯಷ್ಟು ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು: 'ಕೊನೆಯವರ ಜೊತೆಗಾರ.'

"ಇವನು... ನಿನ್ನ ಕಡೆಯವನಲ್ಲವಾ?"

"ನನ್ನ ಕಡೆಯವರಾ? ನಾನು ಇವರನ್ನು ನೋಡಿದ್ದೇ ಈಗ."

"ಇಜಾಝ್ ಅಂತ ಆಂಟಿ. ಕುದ್ರೋಳಿ," ಎಂದ ಅವನು. ಕಾರ್ಕಳದ ಮೂಗು ಅಲ್ಲಿಗೆ ಉದುರಿತು.

"ನೀವೇ ಹೇಳಿ ಮಾರಾಯ್ರೇ," ತಾರಾನಾಥರು ಅವನ ಕೈ ಹಿಡಿದುಕೊಂಡರು. "ನಾನು ತುಳಿದೆನಾ ಇಲ್ಲವಾ?"

"ಒಂದು ಇಂಚು ಬಿಡದೆ ತುಳಿದಿದ್ದಾರೆ ಆಂಟಿ. ನಾನು ಹಿಂದೆಯೇ ಇದ್ದೆ, ಕಣ್ಣು ತೆಗೀಲಿಲ್ಲ." ಇಜಾಝ್ ಕಪ್ಪು ಕನ್ನಡಕ ತೆಗೆದು ಶೆಟ್ಟರ ಕಡೆ ತಿರುಗಿದ. "ಒಂದು ವಿಷಯ ಮಾತ್ರ ನನಗೂ ಅರ್ಥ ಆಗಲಿಲ್ಲ. ಅಂಕಲ್, ದಾರಿಯುದ್ದಕ್ಕೂ ನನ್ನನ್ನು ತಪ್ಪಿಸ್ಲಿಕ್ಕೆ ಯಾಕೆ ನೋಡಿದ್ದು? ಒಬ್ಬರ ಗಿಡದ ಅಡಿಯಲ್ಲಿ ಸಹ ಕೂತಿದ್ರಿ."

ಇದಕ್ಕೆ ಉತ್ತರ ಎಲ್ಲರಿಗೂ ಗೊತ್ತಿತ್ತು. ಟೆಂಪೋದ ಪಕ್ಕದಲ್ಲೇ ಹಲಗೆ ಬಿದ್ದಿತ್ತು. ವಾಲ್ಟರ್ ಕಡಲನ್ನು ನೋಡತೊಡಗಿದ.

ಶಶಿಪ್ರಭಾ ಎದ್ದು ನಿಂತರು. "ಮಾತು ಮಾತೇ. ಸಸಿಹಿತ್ಲಿನ ತನಕ ತುಳಿದಿದ್ದಾರೆ, ಸಾಕ್ಷಿ ಉಂಟು. ಎಲ್ಲರ ಎದುರು ಕಾರವಾರವನ್ನು ನಂಬ್ತೇನೆ ಅಂತ ಹೇಳಿದ್ದೆ."

ತಾರಾನಾಥರ ಎದೆ ಪದಕದ ಅಡಿಯಲ್ಲಿ ಉಬ್ಬಿತು.

"ಅದಕ್ಕಿಂತ ಮೊದಲು ಒಂದೇ ಒಂದು ಕೇಳ್ತೇನೆ," ಎಂದರು ಶಶಿಪ್ರಭಾ. "ಕಾರವಾರಕ್ಕೆ ಹೋಗುವಾಗ ನಿಮ್ಮ ಹಿಂದೆ ಯಾರಿದ್ರು?"

ಸುಳ್ಳು ಹೇಳುವುದಕ್ಕೂ ಸ್ವಲ್ಪ ಶಕ್ತಿ ಬೇಕು. ಶೆಟ್ಟರಲ್ಲಿ ಇದ್ದದ್ದೆಲ್ಲ ರಸ್ತೆಯಲ್ಲಿ ಮುಗಿದಿತ್ತು.

"ಯಾರೂ ಇರಲಿಲ್ಲ."

ಶಶಿಪ್ರಭಾ ತಲೆಯಾಡಿಸಿದರು. "ಯಾವ ಲಾರಿ?"

"ಹೆಂಚಿನದ್ದು."

"ಪಡುಬಿದ್ರಿಯಿಂದ?"

"ಪಡುಬಿದ್ರಿಯಿಂದ."

ಶಶಿಪ್ರಭಾ ಇನ್ನೊಂದು ಕುರ್ಚಿ ಎಳೆದು ತಮ್ಮ ಪಕ್ಕದಲ್ಲಿ ಹಾಕಿದರು. ಗಂಡನ ತಲೆಯಲ್ಲಿ ಇನ್ನೂ ಅಂಟಿಕೊಂಡಿದ್ದ ಕ್ರೋಟನ್ ಎಲೆಯನ್ನು ತೆಗೆದು ಬಿಸಾಡಿದರು. ಬನ್ಸಿನ ತಟ್ಟೆಯನ್ನು ಅವರ ಮಡಿಲಿಗಿಟ್ಟರು.

"ತಿನ್ನಿ. ಆಮೇಲೆ ಮಣ್ಣಗುಡ್ಡದಿಂದ ಸುರು ಮಾಡಿ, ಒಂದು ಊರು ಬಿಡದೆ ಹೇಳಿ. ಇದನ್ನು ನಾನು ಕೇಳ್ತೇನೆ."